ಪಿಸ್ಗಾ ಕಾಡಿನಲ್ಲಿ ಮೂರು ರಾತ್ರಿ: ಡೇವಿಡ್ಸನ್ ರಿವರ್ ಕ್ಯಾಂಪ್‌ಗ್ರೌಂಡ್ ಹೇಗಿದೆ?

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಆರು ತಿಂಗಳಿಗೆಂದು ಬರುವ ತಂದೆ-ತಾಯಿಯರಿಗೆ ನಯಾಗರ, ನ್ಯೂಯಾರ್ಕ್, ಒಂದೆರಡು ದೇವಸ್ಥಾನ ಮತ್ತು ಊರಿನ ದೊಡ್ಡ ಅಂಗಡಿಗಳನ್ನೆಲ್ಲ ತೋರಿಸಿ ವಿಮಾನ ಹತ್ತಿಸುವುದು ನಮ್ಮವರಲ್ಲಿ ರೂಢಿಯಾಗಿಬಿಟ್ಟಿದೆ. ತೀರ್ಥಹಳ್ಳಿ ಕಡೆಯ ತೋಟದ ಮನೆಯಿಂದ ಬಂದಿದ್ದ ಅಪ್ಪಯ್ಯನಿಗೆ ಮೂರನೆಯ ವಾರಕ್ಕೇ ಇವೆಲ್ಲ ಸಾಕೆನಿಸಿದ್ದವು. "ಈ ದೇಶದಲ್ಲಿ ಹುಲ್ಲು ಕತ್ತರಿಸದೆ ಬಿಟ್ಟ ಜಾಗವೇ ಇಲ್ಲವೇನೋ?" ಎಂದು ಅವರು ಒಂದು ಸಂಜೆ ಕೇಳಿದ್ದೇ ನೆಪವಾಗಿ, 2024ರ ಜೂನ್ ಎರಡನೆಯ ವಾರದಲ್ಲಿ ನಾವು ಐದು ಮಂದಿ, ಅಂದರೆ ಅಪ್ಪಯ್ಯ, ಅಮ್ಮ, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು ಮತ್ತು ನಾನು, ನಾರ್ತ್ ಕೆರೊಲಿನಾದ ಪಶ್ಚಿಮದ ಬೆಟ್ಟಸಾಲಿನಲ್ಲಿರುವ ಪಿಸ್ಗಾ ರಾಷ್ಟ್ರೀಯ ಅರಣ್ಯದ ಡೇವಿಡ್ಸನ್ ರಿವರ್ ಕ್ಯಾಂಪ್‌ಗ್ರೌಂಡಿನಲ್ಲಿ ಮೂರು ರಾತ್ರಿ ಟೆಂಟು ಹಾಕಿಕೊಂಡು ಉಳಿದೆವು. ಮೊದಲ ಸಲ ಕಾಡಿನಲ್ಲಿ ಮಲಗುವವರಿಗೆ, ಅದರಲ್ಲೂ ವಯಸ್ಸಾದವರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗುವವರಿಗೆ, ಈ ಭಾಗದಲ್ಲಿ ಇದಕ್ಕಿಂತ ಸಲೀಸಾದ ಜಾಗವನ್ನು ನಾನು ಕಂಡಿಲ್ಲ. ಆದರೆ ಒಂದೇ ರಾತ್ರಿಗೆ ಹೋಗುವುದಾದರೆ ಹೋಗದಿರುವುದೇ ಮೇಲು. ಆ ಮೊದಲ ರಾತ್ರಿ ಪೂರ್ತಿ ನಮ್ಮ ತಪ್ಪುಗಳನ್ನು ತಿದ್ದಿಕೊಳ್ಳುವುದರಲ್ಲಿಯೇ ಕಳೆದುಹೋಗುತ್ತದೆ.

ಹೊರಡುವ ಮೊದಲು ಒಂದು ವ್ಯತ್ಯಾಸವನ್ನು ತಿಳಿದಿರುವುದು ಒಳ್ಳೆಯದು. ಈ ದೇಶದಲ್ಲಿ ರಾಷ್ಟ್ರೀಯ ಉದ್ಯಾನವೇ ಬೇರೆ, ರಾಷ್ಟ್ರೀಯ ಅರಣ್ಯವೇ ಬೇರೆ. ಉದ್ಯಾನಗಳು ಇಂಟೀರಿಯರ್ ಎಂಬ ಇಲಾಖೆಗೆ ಸೇರಿದ್ದು, ಇರುವುದನ್ನು ಇರುವ ಹಾಗೆಯೇ ಕಾಪಾಡುವುದು ಅವುಗಳ ಮುಖ್ಯ ಕೆಲಸ. ಅರಣ್ಯಗಳು ಕೃಷಿ ಇಲಾಖೆಯ ಕೈಕೆಳಗಿನ ಅರಣ್ಯ ಸೇವೆಗೆ ಸೇರಿದವು. ಅಲ್ಲಿ ಮರ ಕಡಿಯುವುದುಂಟು, ಋತುವಿನಲ್ಲಿ ಬೇಟೆಯುಂಟು, ಮೀನು ಹಿಡಿಯುವುದುಂಟು, ಕುದುರೆ ಮತ್ತು ಸೈಕಲ್ಲಿನ ದಾರಿಗಳುಂಟು, ನಾಯಿಯನ್ನು ಹಗ್ಗ ಹಿಡಿದು ಬಹುತೇಕ ಎಲ್ಲ ಕಾಲುದಾರಿಗಳಲ್ಲಿಯೂ ಕರೆದೊಯ್ಯಬಹುದು. ನಾಗರಹೊಳೆಯಂಥ ಕಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ, ಗೇಟಿಲ್ಲ, ಜೀಪಿಲ್ಲ, ಒಳಗೆ ಬಿಡುವವರೂ ಇಲ್ಲ, ತಡೆಯುವವರೂ ಇಲ್ಲ ಎಂಬುದನ್ನು ಕಂಡು ಗಲಿಬಿಲಿಯಾಗುತ್ತದೆ. ಅರಣ್ಯಕ್ಕೆ ಪ್ರವೇಶ ಶುಲ್ಕವಿಲ್ಲ. ಹೆದ್ದಾರಿಯಲ್ಲಿ ಹೋಗುತ್ತಿದ್ದ ಹಾಗೆಯೇ ಕಾಡು ಶುರುವಾಗುತ್ತದೆ, ಒಂದು ಮರದ ಫಲಕ ಮಾತ್ರ ಅದನ್ನು ಹೇಳುತ್ತದೆ.

ಈ ಕಾಡಿನ ಇತಿಹಾಸಕ್ಕೂ ನಮ್ಮ ಫಾರೆಸ್ಟ್ ಇಲಾಖೆಗೂ ಒಂದು ನಂಟಿದೆ. ಅದನ್ನು ದಾರಿಯುದ್ದಕ್ಕೂ ಅಪ್ಪಯ್ಯನಿಗೆ ಹೇಳುತ್ತ ಹೋದೆ. ಇಲ್ಲಿಯೂ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಆಶ್‌ವಿಲ್ ಊರಿನ ಬಳಿ ಬಿಲ್ಟ್‌ಮೋರ್ ಎಂಬ ಭಾರೀ ಬಂಗಲೆ ಕಟ್ಟಿಸಿದ ಜಾರ್ಜ್ ವಾಂಡರ್‌ಬಿಲ್ಟ್, ಸುತ್ತಲಿನ ಬೋಳು ಹೊಲಗಳನ್ನೂ ಕಡಿದು ಹಾಳುಗೆಡವಿದ ಕಾಡನ್ನೂ ಕೊಂಡು, ಅವುಗಳನ್ನು ಮತ್ತೆ ಬೆಳೆಸಲು 1892ರಲ್ಲಿ ಗಿಫರ್ಡ್ ಪಿಂಚೊ ಎಂಬ ತರುಣನನ್ನೂ, 1895ರಲ್ಲಿ ಜರ್ಮನಿಯ ಕಾರ್ಲ್ ಶೆಂಕ್ ಎಂಬಾತನನ್ನೂ ನೇಮಿಸಿಕೊಂಡ. ಶೆಂಕ್ 1898ರಲ್ಲಿ ಇಲ್ಲಿಯೇ ಅಮೆರಿಕದ ಮೊದಲ ಅರಣ್ಯಶಾಸ್ತ್ರ ಶಾಲೆಯನ್ನು ತೆರೆದರೆ, ಪಿಂಚೊ 1905ರಲ್ಲಿ ಅಮೆರಿಕದ ಅರಣ್ಯ ಸೇವೆಯ ಮೊದಲ ಮುಖ್ಯಸ್ಥನಾದ. ಈ ಇಬ್ಬರಿಗೂ ದಾರಿ ತೋರಿಸಿದವರು ಒಬ್ಬರೇ: 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾಗಿ ನೇಮಕವಾಗಿ, ಸುಮಾರು ಎರಡು ದಶಕ ಆ ಹುದ್ದೆಯಲ್ಲಿದ್ದು, ಬರ್ಮಾದ ತೇಗದ ಕಾಡುಗಳಲ್ಲಿ ಮರ ಎಣಿಸುವ ಲೆಕ್ಕಾಚಾರವನ್ನು ರೂಪಿಸಿದ ಡೀಟ್ರಿಕ್ ಬ್ರಾಂಡಿಸ್. ನಿವೃತ್ತರಾಗಿ ಬಾನ್ ನಗರದಲ್ಲಿದ್ದ ಅವರನ್ನು ಹುಡುಕಿಕೊಂಡು ಹೋದವನು ಪಿಂಚೊ; ಅವರ ಸಹಾಯಕನಾಗಿದ್ದು ಅವರ ಶಿಫಾರಸಿನಿಂದಲೇ ಇಲ್ಲಿಗೆ ಬಂದವನು ಶೆಂಕ್. ಪೂರ್ವದ ರಾಜ್ಯಗಳಲ್ಲಿ ಖಾಸಗಿ ಕಾಡುಗಳನ್ನು ಕೊಳ್ಳಲು ಸರ್ಕಾರಕ್ಕೆ ಅಧಿಕಾರ ಕೊಟ್ಟ ವೀಕ್ಸ್ ಕಾಯಿದೆ 1911ರಲ್ಲಿ ಬಂದಿತು. ವಾಂಡರ್‌ಬಿಲ್ಟ್ ತೀರಿಕೊಂಡ 1914ರಲ್ಲಿಯೇ ಆತನ ಹೆಂಡತಿ ಈಡಿತ್ ಸುಮಾರು 86,700 ಎಕರೆಯನ್ನು ಎಕರೆಗೆ ಐದು ಡಾಲರಿನಂತೆ ಸರ್ಕಾರಕ್ಕೆ ಮಾರಿದರು. 1916ರಲ್ಲಿ ಪಿಸ್ಗಾ ರಾಷ್ಟ್ರೀಯ ಅರಣ್ಯವೆಂಬ ಹೆಸರಾಯಿತು. ಇಂದು ಅದರ ವಿಸ್ತಾರ ಐದು ಲಕ್ಷ ಎಕರೆಗೂ ಮಿಗಿಲು. ಎಲ್ಲವನ್ನೂ ಕೇಳಿಸಿಕೊಂಡ ಅಪ್ಪಯ್ಯ, "ಅಂದರೆ ನಮ್ಮ ಫಾರೆಸ್ಟ್‌ನವರ ಗುರುವೇ ಇವರಿಗೂ ಗುರು ಅನ್ನು. ಹಾಗಾದರೆ ಕಟ್ಟಿಗೆ ಮುಟ್ಟಿದರೆ ಇಲ್ಲಿಯೂ ಕೇಸು ಹಾಕುತ್ತಾರೆ" ಎಂದರು. ಶೆಂಕ್‌ನ ಶಾಲೆಯಿದ್ದ ಜಾಗ ಈಗ ಕ್ರೇಡಲ್ ಆಫ್ ಫಾರೆಸ್ಟ್ರಿ ಎಂಬ ವಸ್ತುಸಂಗ್ರಹಾಲಯವಾಗಿದೆ. ಹಳೆಯ ಮರದ ಮನೆಗಳ ನಡುವೆ ಸುತ್ತಿ ಬರುವ ಸಮತಟ್ಟಾದ ದಾರಿ ಇರುವುದರಿಂದ, ಮಂಡಿನೋವಿನ ಅಮ್ಮನಿಗೆ ಇಡೀ ಪ್ರವಾಸದಲ್ಲಿ ಹೆಚ್ಚು ಒಗ್ಗಿದ್ದು ಅದೇ.

ಇನ್ನು ಕ್ಯಾಂಪ್‌ಗ್ರೌಂಡಿನ ವಿಷಯ. ಬ್ರೆವರ್ಡ್ ಎಂಬ ಪುಟ್ಟ ಊರಿನ ಅಂಚಿನಲ್ಲಿ ಹೆದ್ದಾರಿ 276ಕ್ಕೆ ತಿರುಗಿ ಕಾಡಿನೊಳಕ್ಕೆ ಒಂದೂವರೆ ಮೈಲಿಯಷ್ಟು ಹೋದರೆ ಎಡಕ್ಕೆ ಹೊಳೆ ದಾಟಿ ಇದರ ದಾರಿ, ಎದುರಿಗೇ ಅರಣ್ಯ ಸೇವೆಯ ಕಚೇರಿ. ನಾವಿರುವ ಕ್ಯಾರಿ ಊರಿನಿಂದ ನಾಲ್ಕೂವರೆ ಗಂಟೆಯ ಹಾದಿ, ಶಾರ್ಲಟ್‌ನಿಂದ ಎರಡೂವರೆ ಗಂಟೆ. ಪೇಟೆ ಇಷ್ಟು ಹತ್ತಿರವಿರುವುದು ಈ ಜಾಗದ ದೊಡ್ಡ ಅನುಕೂಲ. ಔಷಧಿ ಮರೆತರೆ, ಮೊಸರು ಮುಗಿದರೆ ಹತ್ತು ನಿಮಿಷದಲ್ಲಿ ಅಂಗಡಿ ಸಿಗುತ್ತದೆ. ನೂರಕ್ಕೂ ಹೆಚ್ಚು ತಂಗುತಾಣಗಳನ್ನು ಹಲವು ಸುತ್ತುದಾರಿಗಳ ಉದ್ದಕ್ಕೂ ಹಂಚಿದ್ದಾರೆ. ಪ್ರತಿ ತಾಣಕ್ಕೂ ಕಾರು ನಿಲ್ಲಿಸುವ ಜಾಗ, ಬೆಂಚುಸಹಿತ ಮರದ ಮೇಜು, ಒಳಗೆ ಬೆಂಕಿ ಹಾಕಲು ಜಾಲರಿಯಿರುವ ಕಬ್ಬಿಣದ ಬಳೆ ಮತ್ತು ಟೆಂಟು ಹಾಕಲು ತಕ್ಕ ನೆಲ ಇರುತ್ತವೆ. ತಾಣ ಆರಿಸುವಾಗ ಎಲ್ಲರೂ ಹೊಳೆಯ ದಂಡೆಗೆ ಮುಗಿಬೀಳುತ್ತಾರೆ. ನನ್ನ ಅನುಭವದಲ್ಲಿ, ವಯಸ್ಸಾದವರಿದ್ದರೆ ಹೊಳೆಗಿಂತ ಶೌಚಾಲಯ ಹತ್ತಿರವಿರುವುದೇ ಮುಖ್ಯ. ಆದರೆ ಅದರ ಎದುರಿಗೇ ಬೇಡ, ಏಕೆಂದರೆ ರಾತ್ರಿಯಿಡೀ ಅದರ ದೀಪ ಟೆಂಟಿನ ಮೇಲೆ ಬೀಳುತ್ತದೆ, ಬಾಗಿಲು ಮುಚ್ಚುವ ಸದ್ದು ಬೇರೆ. ನಮ್ಮದು ಅರವತ್ತು ಹೆಜ್ಜೆಯ ದೂರದಲ್ಲಿತ್ತು. ಅಮ್ಮ ಹಗಲಿನಲ್ಲಿಯೇ ಎಣಿಸಿ ಇಟ್ಟುಕೊಂಡಿದ್ದರು.

ಫ್ಲಶ್ ಇರುವ ಶೌಚಾಲಯವೂ ಬಿಸಿನೀರಿನ ಸ್ನಾನವೂ ಇರುವುದು ಈ ಕ್ಯಾಂಪ್‌ಗ್ರೌಂಡಿನ ಹೆಗ್ಗಳಿಕೆ. ರಾಷ್ಟ್ರೀಯ ಅರಣ್ಯದ ತಾಣಗಳೆಲ್ಲ ಹೀಗಿರುವುದಿಲ್ಲ; ಎಷ್ಟೋ ಕಡೆ ಗುಂಡಿಯ ಕಕ್ಕಸು ಒಂದನ್ನು ಬಿಟ್ಟರೆ ನಲ್ಲಿಯೂ ಇರದು. ನಮ್ಮವರು ಮರೆಯಬಾರದ ವಸ್ತುವೊಂದನ್ನು ಯಾವ ಇಂಗ್ಲಿಷ್ ಪಟ್ಟಿಯೂ ಹೇಳುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ: ಚೊಂಬು. ನಾವು ಮರೆತಿದ್ದೆವು, ಮೂರು ದಿನ ಮಗಳ ಬಣ್ಣದ ನೀರಿನ ಬಾಟಲಿಯೊಂದು ಆ ಸೇವೆಗೆ ಮೀಸಲಾಯಿತು. ಆಮೇಲೆ ಅದು ಶಾಲೆಗೆ ಹೋಗಲಿಲ್ಲ.

ಟೆಂಟಿನ ಕಥೆಗೆ ಬರುತ್ತೇನೆ. ಆರು ಜನರ ಟೆಂಟನ್ನು ನಮ್ಮೂರಿನ ಒಂದು ಅಂಗಡಿಯಿಂದ ಬಾಡಿಗೆಗೆ ತಂದಿದ್ದೆ, ಮನೆಯಲ್ಲಿ ಒಮ್ಮೆ ಬಿಚ್ಚಿ ನೋಡದೆಯೇ ಕಾರಿಗೆ ಹಾಕಿದ್ದೆ. ಮೇಲ್ಹೊದಿಕೆಯ ಹೊಲಿಗೆಗೆ ಅಂಟಿಸಿದ್ದ ಪಟ್ಟಿ ಒಂದು ಮಗ್ಗುಲಿನಲ್ಲಿ ಗೇಣುದ್ದ ಬಿಟ್ಟುಕೊಂಡಿತ್ತು. ಅದರ ಮೇಲೆ ನನ್ನದೇ ಒಂದು ಬುದ್ಧಿವಂತಿಕೆಯೂ ಸೇರಿತು: ನೆಲದ ತೇವ ತಟ್ಟದಿರಲೆಂದು ಟೆಂಟಿನ ಅಡಿಗೆ ದೊಡ್ಡ ಟಾರ್ಪಾಲು ಹಾಸಿ, ನಾಲ್ಕೂ ಕಡೆ ಅದು ಒಂದೊಂದು ಅಡಿ ಹೊರಚಾಚಿಕೊಂಡಿರುವಂತೆ ಬಿಟ್ಟಿದ್ದೆ. ರಾತ್ರಿ ಒಂದು ಗಂಟೆಯ ಹೊತ್ತಿಗೆ ಮಳೆ ಹಿಡಿಯಿತು. ಮೇಲ್ಹೊದಿಕೆಯಿಂದ ಇಳಿದ ನೀರೆಲ್ಲ ಹೊರಚಾಚಿದ ಟಾರ್ಪಾಲಿನ ಮೇಲೆ ಬಿದ್ದು, ಅದು ದೋಣಿಯ ಹಾಗೆ ತುಂಬಿಕೊಂಡು, ಟೆಂಟಿನ ಅಡಿಗೇ ನುಗ್ಗಿತು. ಹೊಲಿಗೆಯ ಬಿರುಕಿನಿಂದ ತೊಟ್ಟಿಕ್ಕಿದ್ದು ಒಂದು ಲೋಟವಾದರೆ, ನನ್ನ ಟಾರ್ಪಾಲು ಕೂಡಿಟ್ಟದ್ದು ಒಂದು ಕೊಡ. "ಮಾಡಿನಿಂದ ಆಚೆಗೆ ಚಾಪೆ ಹಾಸಿದರೆ ನೆನೆಯದೆ ಇನ್ನೇನಾಗುತ್ತದೆ?" ಎಂದರು ಅಮ್ಮ, ಕಾರಿನ ಸೀಟಿನಲ್ಲಿ ಕೂತು ಶಾಲು ಹೊದೆಯುತ್ತ. ಅಡಿಗೆ ಹಾಸುವುದು ಟೆಂಟಿಗಿಂತ ಎಲ್ಲ ಕಡೆಯೂ ನಾಲ್ಕು ಬೆರಳಿನಷ್ಟು ಚಿಕ್ಕದಾಗಿರಬೇಕು, ದೊಡ್ಡದಾಗಿದ್ದರೆ ಅಂಚನ್ನು ಒಳಕ್ಕೆ ಮಡಿಚಬೇಕು. ಮರುದಿನ ಹಾಗೆ ಮಾಡಿದ ಮೇಲೆ ಮತ್ತೊಂದು ಮಳೆ ಬಂದರೂ ನಮಗೆ ಗೊತ್ತಾಗಲಿಲ್ಲ. ಬ್ರೆವರ್ಡ್ ಇರುವ ಟ್ರಾನ್ಸಿಲ್ವೇನಿಯಾ ಕೌಂಟಿ ನಾರ್ತ್ ಕೆರೊಲಿನಾದಲ್ಲಿಯೇ ಹೆಚ್ಚು ಮಳೆ ಬೀಳುವ ಸೀಮೆ, ಇನ್ನೂರೈವತ್ತಕ್ಕೂ ಹೆಚ್ಚು ಜಲಪಾತಗಳಿವೆಯೆಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆಗುಂಬೆಯ ನೆರೆಯವರಾದ ನಾವು ಆ ಮಾತಿಗೆ ಮುಗುಳ್ನಕ್ಕಿದ್ದೆವು. ನಗಬಾರದಿತ್ತು.

ಗಾಳಿ ತುಂಬುವ ಹಾಸಿಗೆಯ ಬಗ್ಗೆಯೂ ಒಂದು ಮಾತು. ನೆಲಮಟ್ಟದ ಹಾಸಿಗೆಯಿಂದ ಏಳುವುದು ಮಂಡಿನೋವಿನವರಿಗೆ ದೊಡ್ಡ ಕಷ್ಟ. ಅಮ್ಮ ಪ್ರತಿ ಸಲ ನನ್ನ ಭುಜ ಹಿಡಿದೇ ಏಳಬೇಕಾಯಿತು. ಮಡಿಚುವ ಮಂಚಕ್ಕೆ ಕಾರಿನಲ್ಲಿ ಜಾಗ ಮಾಡಿಕೊಳ್ಳುವುದು ಜಾಣತನ.

ಕರಡಿಯ ವಿಷಯದಲ್ಲಿ ಇಲ್ಲಿಯ ನಿಯಮಗಳು ಕಟ್ಟುನಿಟ್ಟು. ಇವು ಕಪ್ಪು ಕರಡಿಗಳು, ನಮ್ಮ ದರೋಜಿಯ ಕರಡಿಯಂತೆ ಗೆದ್ದಲಿನ ಹುತ್ತ ಬಗೆದು ಬದುಕುವಂಥವಲ್ಲ. ಮನುಷ್ಯನ ತಿಂಡಿಯ ರುಚಿ ಒಮ್ಮೆ ಹತ್ತಿತೆಂದರೆ ಅದನ್ನೇ ಹುಡುಕಿಕೊಂಡು ಬರುತ್ತವೆ. ಹಾಗೆ ರುಚಿ ಹತ್ತಿದ ಕರಡಿಗೆ ಕೊನೆಗೆ ಉಳಿಗಾಲವಿರುವುದಿಲ್ಲ. ಆದ್ದರಿಂದ ಅಡುಗೆ ಮಾಡುವ ಮತ್ತು ಉಣ್ಣುವ ಹೊತ್ತನ್ನು ಬಿಟ್ಟರೆ ಉಳಿದಂತೆ ಎಲ್ಲ ಆಹಾರವೂ ಮುಚ್ಚಿದ ಕಾರಿನೊಳಗೆ ಇರಬೇಕು. ಆಹಾರವೆಂದರೆ ಆಹಾರ ಮಾತ್ರವಲ್ಲ. ಹಲ್ಲುಜ್ಜುವ ಪೇಸ್ಟು, ಸೋಪು, ಸೊಳ್ಳೆಗೆ ಹಚ್ಚುವ ಮುಲಾಮು, ಖಾಲಿ ತಂಪುಪೆಟ್ಟಿಗೆ, ಎಣ್ಣೆ ಮುಟ್ಟಿದ ಸ್ಟವ್ ಕೂಡ ಒಳಗೇ. ವಾಸನೆಯಿರುವ ಯಾವುದೂ ಟೆಂಟಿನಲ್ಲಿರಬಾರದು ಎಂಬುದನ್ನು ನಾನು ಓದಿ ಹೇಳಿದಾಗ ಎಲ್ಲರ ಕಣ್ಣೂ ಹೋದದ್ದು ಅಪ್ಪಯ್ಯನ ಕವಳದ ಚೀಲದ ಮೇಲೆ. ಅಡಿಕೆ, ಸುಣ್ಣ, ಎಲೆ, ಲವಂಗ. ಕರಡಿಗೆ ಅದು ಬೇಕೋ ಬೇಡವೋ ಯಾರಿಗೆ ಗೊತ್ತು? ಚೀಲ ಕಾರು ಸೇರಿತು. ಬೆಳಗಿನ ಜಾವ ನಾಲ್ಕೂವರೆಗೆ ಕವಳ ಹಾಕದೆ ಅವರಿಗೆ ದಿನ ಶುರುವಾಗುವುದಿಲ್ಲವಾದ್ದರಿಂದ ಮೊದಲ ದಿನ ರಿಮೋಟ್ ಒತ್ತಿ ಕಾರು ತೆರೆದರು. ಸುತ್ತಲಿನ ಟೆಂಟುಗಳಿಗೆಲ್ಲ ಕೇಳುವಂತೆ ಅದು ಕೂಗಿತು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡಬಾರದೆಂಬ ನಿಯಮವನ್ನು ಐದು ಮಂದಿಯಲ್ಲಿ ಮುರಿದವರು ಅವರೊಬ್ಬರೇ. ಎರಡನೆಯ ದಿನದಿಂದ ಕೀಲಿಯನ್ನೇ ತಿರುಗಿಸಿ ಬಾಗಿಲು ತೆಗೆಯುವುದನ್ನು ಕಲಿಸಿದೆ. ಕರಡಿಯನ್ನಂತೂ ನಾವು ನೋಡಲಿಲ್ಲ.

ಅಡುಗೆಗೆ ಎರಡು ಉರಿಯ ಗ್ಯಾಸ್ ಸ್ಟವ್ ಒಯ್ದಿದ್ದೆವು. ಮರದ ಮೇಜಿನ ಮೇಲಿಟ್ಟು ಅನ್ನ, ಸಾರು, ಉಪ್ಪಿಟ್ಟು ಎಲ್ಲವನ್ನೂ ಸಲೀಸಾಗಿ ಮಾಡಿದೆವು. ಇಂಗಿನ ಒಗ್ಗರಣೆಗೆ ಪಕ್ಕದ ತಾಣದ ದಂಪತಿ ಎದ್ದು ಬಂದು ಇದೇನೆಂದು ಕೇಳಿ, ಒಂದು ಬಟ್ಟಲು ಸಾರು ಕುಡಿದು ಹೋದರು. ಪಾತ್ರೆಯನ್ನು ಕುಡಿಯುವ ನೀರಿನ ನಲ್ಲಿಯ ಕೆಳಗೆ ತೊಳೆಯುವ ಹಾಗಿಲ್ಲ, ಬಕೆಟ್ಟೊಂದು ಬೇಕೇ ಬೇಕು.

ಬೆಂಕಿಯ ವಿಷಯವನ್ನು ಮಾತ್ರ ನಿಧಾನವಾಗಿ ಹೇಳಬೇಕು, ಏಕೆಂದರೆ ಅಪ್ಪಯ್ಯ ಈ ಪ್ರವಾಸದ ಯಜಮಾನಿಕೆಯನ್ನು ನನ್ನಿಂದ ಕಸಿದುಕೊಂಡದ್ದು ಅಲ್ಲಿಯೇ. ಮನೆಯಿಂದ ಸೌದೆ ತರುವಂತಿಲ್ಲ. ಆಶ್ ಎಂಬ ಜಾತಿಯ ಮರಗಳನ್ನು ಕೊಲ್ಲುವ ಹಸಿರು ಕೊರಕ ಹುಳುವಿನಂಥವು ಸೌದೆಯೊಳಗೆ ಕೂತು ಊರಿಂದೂರಿಗೆ ಪ್ರಯಾಣ ಮಾಡುತ್ತವೆಂಬ ಕಾರಣಕ್ಕೆ, ಇಲ್ಲಿಯ ಕ್ಯಾಂಪ್‌ಗ್ರೌಂಡುಗಳಿಗೆ ಹೊರಗಿನಿಂದ ತರುವುದಾದರೆ ಬಿಸಿ ಮಾಡಿ ಹುಳು ಕೊಂದು ಮುದ್ರೆಯೊತ್ತಿದ ಕಟ್ಟನ್ನೇ ತರಬೇಕು. ಉಳಿದಂತೆ, ಸುತ್ತಮುತ್ತ ತಾನಾಗಿ ಬಿದ್ದು ಒಣಗಿದ ಕಟ್ಟಿಗೆಯನ್ನು ಆರಿಸಿಕೊಳ್ಳಬಹುದು. ನಿಂತ ಮರವನ್ನು, ಅದು ಸತ್ತಿದ್ದರೂ, ಮುಟ್ಟಬಾರದು. ಕಟ್ಟಿಗೆ ಆರಿಸಬಹುದೆಂದು ನಾನು ಹೇಳಿದರೂ ಅಪ್ಪಯ್ಯ ನಂಬಲಿಲ್ಲ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದ ಬಗ್ಗೆ ಫಾರೆಸ್ಟ್‌ನವರೊಡನೆ ನಡೆಯುವ ತಗಾದೆಗಳಲ್ಲಿ ಬೆಳೆದ ಅವರು, ಪ್ರತಿಯೊಂದು ಕಡ್ಡಿಯನ್ನು ಎತ್ತಿಕೊಳ್ಳುವ ಮೊದಲೂ ಗಾರ್ಡ್ ಬಂದನೇನೋ ಎಂದು ಒಮ್ಮೆ ಹಿಂದೆ ನೋಡುತ್ತಿದ್ದರು.

ರಾತ್ರಿಯ ಮಳೆಗೆ ಎಲ್ಲ ನೆನೆದಿತ್ತು. ನಾನು ಅಂಗಡಿಯಲ್ಲಿ ಸಿಗುವ ಬೆಂಕಿ ಹೊತ್ತಿಸುವ ಮೇಣದ ತುಂಡುಗಳನ್ನು ಮೂರು ಸಲ ಹಚ್ಚಿದೆ. ಮೇಣ ಉರಿದು ಮುಗಿಯಿತು, ಕಟ್ಟಿಗೆ ಕಪ್ಪಾಯಿತಷ್ಟೆ. ಅಪ್ಪಯ್ಯ ನನ್ನನ್ನು ಪಕ್ಕಕ್ಕೆ ಸರಿಸಿ, ಮುದ್ರೆಯ ಕಟ್ಟಿನಿಂದ ಒಂದು ಸೀಳನ್ನು ತೆಗೆದು ಚಾಕುವಿನಿಂದ ತೆಳ್ಳಗೆ ಹೆರೆದರು, ಅದು ಬುಡದಲ್ಲಿ ಕೂಡಿಕೊಂಡೇ ತುದಿಯಲ್ಲಿ ಪೊರಕೆಯ ಹಾಗೆ ಅರಳಿತು. ಅದರ ಸುತ್ತ ಬೆರಳು ಗಾತ್ರದ ಚೂರುಗಳನ್ನು ಓರೆಯಾಗಿ ನಿಲ್ಲಿಸಿ, ಗಾಳಿಗೆ ಒಂದು ಬಾಯಿ ಬಿಟ್ಟು, ಒದ್ದೆ ಕಟ್ಟಿಗೆಯನ್ನು ಕಬ್ಬಿಣದ ಬಳೆಯ ಒಳಮಗ್ಗುಲಿಗೆ ಒಣಗಲು ಒರಗಿಸಿದರು. ಆಮೇಲೆ ಊದುಗೊಳವೆ ಕೇಳಿದರು. ಅಡುಗೆಯ ಅಲ್ಯೂಮಿನಿಯಮ್ ಹಾಳೆ ಮುಗಿದಿದ್ದ ರಟ್ಟಿನ ಕೊಳವೆಯನ್ನು ಹೆಂಡತಿ ಕಸದ ಚೀಲದಿಂದ ಹೆಕ್ಕಿ ಕೊಟ್ಟಳು. ಅದರಲ್ಲಿ ಅವರು ಊದಿದ್ದು ಜೋರಾಗಿ ಅಲ್ಲ, ಉದ್ದವಾಗಿ. ಒಂದೇ ಜಾಗಕ್ಕೆ, ಕೆಂಡದ ಬುಡಕ್ಕೆ. ಎಂಟು ನಿಮಿಷದಲ್ಲಿ ಬೆಂಕಿ ನಿಂತಿತು. ರಟ್ಟಿನ ತುದಿ ಸುಟ್ಟು ಕರಕಾಗಿ ಪ್ರತಿ ಸಂಜೆ ಒಂದೊಂದು ಅಂಗುಲ ಕಡಿಮೆಯಾಗುತ್ತ ಬಂದು, ಮೂರನೆಯ ರಾತ್ರಿ ಅದು ಅಂಗೈಯಷ್ಟೇ ಉಳಿದಿತ್ತು. ಹೊರಡುವ ಮುನ್ನ ಬೆಂಕಿಗೆ ನೀರು ಹುಯ್ದು, ಕೋಲಿನಿಂದ ಕಲಕಿ, ಮತ್ತೆ ಹುಯ್ದು, ಅಂಗೈಯ ಹಿಂಬದಿಯಿಂದ ಬಿಸಿ ಇಲ್ಲವೆಂದು ನೋಡಿಯೇ ಬಿಡಬೇಕೆಂಬುದು ಇಲ್ಲಿಯ ಕಟ್ಟಳೆ. ಅಷ್ಟು ಒಳ್ಳೆಯ ಬೂದಿ ತೋಟಕ್ಕೂ ಇಲ್ಲದೆ ನೀರುಪಾಲಾಯಿತೆಂದು ಅವರಿಗೆ ಬೇಸರ.

ಜೂನ್ ತಿಂಗಳನ್ನೇ ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣವಿತ್ತು. ಮೇ ಕೊನೆಯಿಂದ ಜೂನ್ ನಡುವಿನವರೆಗೆ ಈ ಬೆಟ್ಟಗಳಲ್ಲಿ ನೀಲಿ ದೆವ್ವ ಎಂಬರ್ಥದ ಹೆಸರಿನ ಮಿಂಚುಹುಳುಗಳು ಹಾರುತ್ತವೆ. ನಮ್ಮ ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಒಂದು ಮರಕ್ಕೆ ಮರವೇ ಹೊತ್ತಿ ಆರುವಂತೆ ಮಿನುಗುವ ಹುಳುಗಳನ್ನು ನೋಡಿದವರಿಗೆ ಇವು ಪೂರಾ ಬೇರೆ. ಇವು ಮಿನುಗುವುದಿಲ್ಲ, ನೀಲಿಬಿಳಿ ಬೆಳಕೊಂದನ್ನು ಆರದಂತೆ ಹೊತ್ತುಕೊಂಡು, ನೆಲದಿಂದ ಮೊಣಕಾಲೆತ್ತರದಲ್ಲಿ, ಎಲೆಯ ಹಾಸಿನ ಮೇಲೆ ಮೆಲ್ಲಗೆ ತೇಲುತ್ತವೆ. ಹೆಣ್ಣುಹುಳುವಿಗೆ ರೆಕ್ಕೆಯಿಲ್ಲ, ಅದು ನೆಲದಲ್ಲಿಯೇ ಇರುತ್ತದೆ. ಆದ್ದರಿಂದ ದಾರಿ ಬಿಟ್ಟು ಕಾಲಿಡಬಾರದು, ಟಾರ್ಚನ್ನೂ ಹಾಕಬಾರದು. ಒಂಬತ್ತೂವರೆಯ ಹೊತ್ತಿಗೆ ಶೌಚಾಲಯದ ದೀಪ ಕಾಣದಷ್ಟು ದೂರ ಹೋಗಿ, ಕಣ್ಣು ಕತ್ತಲಿಗೆ ಹೊಂದುವವರೆಗೆ ಹದಿನೈದು ನಿಮಿಷ ಸುಮ್ಮನೆ ನಿಂತೆವು. ಅವುಗಳ ಕಾಲ ಮುಗಿಯುತ್ತ ಬಂದಿದ್ದರಿಂದ ಇಪ್ಪತ್ತು ಮೂವತ್ತಕ್ಕಿಂತ ಹೆಚ್ಚು ಕಾಣಲಿಲ್ಲ. "ಗುಬ್ಬಿ ಗಾತ್ರದವರು ಲಾಂದ್ರ ಹಿಡಿದುಕೊಂಡು ತೋಟಕ್ಕೆ ನೀರು ಬಿಡಲು ಹೊರಟ ಹಾಗಿದೆ" ಎಂದರು ಅಪ್ಪಯ್ಯ. ಮಗಳು ಆ ಮಾತನ್ನು ಇಂಗ್ಲಿಷಿಗೆ ತಂದು ಶಾಲೆಯ ಟಿಪ್ಪಣಿಯಲ್ಲಿ ತನ್ನದೆಂದು ಬರೆದುಕೊಂಡಳು.

ಹಗಲಿನ ತಿರುಗಾಟಕ್ಕೆ ಹೆದ್ದಾರಿ 276 ಒಂದೇ ಸಾಕು. ಅರವತ್ತು ಅಡಿಯ ಲುಕಿಂಗ್ ಗ್ಲಾಸ್ ಜಲಪಾತ ರಸ್ತೆಯ ಮಗ್ಗುಲಲ್ಲೇ ಇದೆ, ಕಾರಿನಿಂದ ಇಳಿಯಲಾಗದವರೂ ನೋಡಬಹುದು. ಅಲ್ಲಿಂದ ತುಸು ಮುಂದೆ ಮುಕ್ಕಾಲು ಮೈಲಿಯಷ್ಟು ನಡೆದು ಹೋಗುವ ಮೂರ್ ಕೋವ್ ಜಲಪಾತದಲ್ಲಿ ನೀರಿನ ಪರದೆಯ ಹಿಂದೆ ನಿಲ್ಲಬಹುದು. ಸ್ಲೈಡಿಂಗ್ ರಾಕ್ ಮಕ್ಕಳ ಸ್ವರ್ಗ: ಅರವತ್ತು ಅಡಿ ಉದ್ದದ ನುಣುಪಾದ ಓರೆಬಂಡೆಯ ಮೇಲೆ ನಿಮಿಷಕ್ಕೆ ಸುಮಾರು 11,000 ಗ್ಯಾಲನ್, ಅಂದರೆ ನಮ್ಮ ಲೆಕ್ಕದಲ್ಲಿ 40,000 ಲೀಟರಿಗೂ ಹೆಚ್ಚು ನೀರು ಹರಿದು, ಕೆಳಗಿನ ಆಳದ ಮಡುವಿಗೆ ಬೀಳುತ್ತದೆ, ಅದರ ಜೊತೆ ಜಾರಿ ಬೀಳುವುದೇ ಆಟ. ಈಚಿನ ವರ್ಷಗಳಲ್ಲಿ ತಲೆಗೆ 5 ಡಾಲರ್ ಶುಲ್ಕ, ಬೇಸಿಗೆಯಲ್ಲಿ ಕಾವಲಿಗೆ ಲೈಫ್‌ಗಾರ್ಡ್‌ಗಳಿರುತ್ತಾರೆ. ನೀರು ನಡುಬೇಸಿಗೆಯಲ್ಲಿಯೂ 10ರಿಂದ 15 ಡಿಗ್ರಿ ಸೆಲ್ಸಿಯಸ್ ಮಾತ್ರ, ಮೊದಲ ಸಲ ಬಿದ್ದಾಗ ಉಸಿರು ನಿಂತ ಹಾಗಾಗುತ್ತದೆ. ದಪ್ಪ ಬಟ್ಟೆಯ ಚಡ್ಡಿ ಹಾಕಿಕೊಳ್ಳಿ. ನನ್ನದು ನಾಲ್ಕನೆಯ ಜಾರಿಗೆ ಹಿಂಬದಿಯಲ್ಲಿ ಸವೆದು, ಐದನೆಯದಕ್ಕೆ ನಾನು ಏಳಲೇ ಇಲ್ಲ. ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋದರೆ ಬಂಡೆಗಿಂತ ಸರದಿಯೇ ಉದ್ದವಾಗಿರುತ್ತದೆ, ಕಾರು ನಿಲ್ಲಿಸಲು ಜಾಗವೂ ಸಿಗದು. ವಾರದ ನಡುವೆ ಬೆಳಿಗ್ಗೆ ಬೇಗ ಹೋಗುವುದೊಂದೇ ದಾರಿ.

ಕಾಲುಗಳಲ್ಲಿ ಕಸುವಿದ್ದವರು ಲುಕಿಂಗ್ ಗ್ಲಾಸ್ ರಾಕ್ ಹತ್ತಬಹುದು. ಮಳೆನೀರು ಹರಿದಾಗ, ಹಿಮ ಕಟ್ಟಿದಾಗ ಅದರ ಬೋಳು ಗ್ರಾನೈಟ್ ಮೈ ಬಿಸಿಲಿಗೆ ಕನ್ನಡಿಯ ಹಾಗೆ ಹೊಳೆಯುವುದರಿಂದ ಆ ಹೆಸರು. ಹೋಗಲು ಮೂರು ಮೈಲಿಗೂ ತುಸು ಹೆಚ್ಚು, ಸುಮಾರು 1,700 ಅಡಿಯ ಏರು, ಬರಲು ಅಷ್ಟೇ. ನಾನೂ ಹೆಂಡತಿಯೂ ಮಗಳನ್ನು ಅಜ್ಜ-ಅಜ್ಜಿಯ ಬಳಿ ಬಿಟ್ಟು ಒಂದು ಬೆಳಿಗ್ಗೆ ಹೋಗಿ ಬಂದೆವು. ತುದಿಯಲ್ಲಿ ಕಂಬಿಯಿಲ್ಲ, ಬೇಲಿಯಿಲ್ಲ. ಬಂಡೆ ನಿಧಾನವಾಗಿ ಇಳಿಜಾರಾಗುತ್ತ ಹೋಗಿ ಎಲ್ಲಿ ಪ್ರಪಾತವಾಗುತ್ತದೆಂದು ಕಣ್ಣಿಗೆ ತಿಳಿಯುವುದೇ ಇಲ್ಲ, ಒದ್ದೆಯಾಗಿದ್ದರಂತೂ ಮಕ್ಕಳನ್ನು ಕರೆದೊಯ್ಯಲೇಬಾರದು.

ಅಪ್ಪಯ್ಯನಿಗಾಗಿ ನಾನು ಉಳಿಸಿಟ್ಟಿದ್ದು ಬ್ಲ್ಯಾಕ್ ಬಾಲ್ಸಮ್ ನಾಬ್ ಎಂಬ ಶಿಖರವನ್ನು. ಕ್ಯಾಂಪ್‌ಗ್ರೌಂಡಿನಿಂದ ಮುಕ್ಕಾಲು ಗಂಟೆ ಕಾರಿನಲ್ಲಿ ಬ್ಲೂ ರಿಜ್ ಪಾರ್ಕ್‌ವೇ ಎಂಬ ಬೆಟ್ಟದ ಮೇಲಿನ ರಸ್ತೆಗೆ ಏರಿ, ಅಲ್ಲಿಂದ ಒಂದು ಮೈಲಿಗೂ ಕಡಿಮೆ ನಡೆದರೆ ನೆತ್ತಿ ಸಿಗುತ್ತದೆ. ಎತ್ತರ 6,214 ಅಡಿ, ಅಂದರೆ 1,894 ಮೀಟರ್. ನಮ್ಮ ಕುದುರೆಮುಖಕ್ಕೆ ಕೊಡುವ ಎತ್ತರವೂ ಇದೇ. ಮೇಲೆ ನಿಂತರೆ ಹೋಲಿಕೆ ಎತ್ತರದ್ದಷ್ಟೇ ಅಲ್ಲ: ಮರವಿಲ್ಲದ ಹುಲ್ಲಿನ ನೆತ್ತಿಗಳು ಒಂದರ ಹಿಂದೊಂದು, ಕಣಿವೆಯಲ್ಲಿ ಮಾತ್ರ ಕಪ್ಪು ಕಾಡು, ನಡುವೆ ಓಡಾಡುವ ಮಂಜು. ಅಪ್ಪಯ್ಯ ಮಾತಾಡದೆ ಬಹಳ ಹೊತ್ತು ಕೂತರು. ಆದರೆ ಕುದುರೆಮುಖದ ಹುಲ್ಲುಗಾವಲು ಶೋಲಾ ಕಾಡಿನ ಜೊತೆ ತಾನಾಗಿ ಬೆಳೆದುಬಂದದ್ದು; ಇಲ್ಲಿಯ ಬೋಳು ಹಾಗಲ್ಲ. ಕಳೆದ ಶತಮಾನದ ಮೊದಲಲ್ಲಿ ಇಲ್ಲಿಯ ಸ್ಪ್ರೂಸ್ ಮತ್ತು ಫರ್ ಮರಗಳನ್ನು ಕಡಿದು ಸಾಗಿಸಿದ ಮೇಲೆ, ಉಳಿದ ಒಣ ರೆಂಬೆಗಳಿಗೆ 1925ರಲ್ಲಿ ಬೆಂಕಿ ಬಿದ್ದು ಮಣ್ಣೂ ಸುಟ್ಟುಹೋಯಿತು. 1942ರಲ್ಲಿ ಮತ್ತೊಮ್ಮೆ ಹೊತ್ತಿತು. ನೂರು ವರ್ಷವಾದರೂ ಮರಗಳು ಪೂರ್ತಿ ಹಿಂದಿರುಗಿಲ್ಲ. ನಾವು ಹೋದಾಗ ನೇರಳೆಗೆಂಪು ರೋಡೊಡೆಂಡ್ರಾನ್ ಪೊದೆಗಳು ಅರಳಿದ್ದವು. ನೀಲಗಿರಿಯ ಕೆಂಪು ಹೂವಿನ ಮರವನ್ನು ಬಲ್ಲವರಿಗೆ ಅದರ ಕಿರಿಯ ತಂಗಿಯ ಹಾಗೆ ಕಾಣುತ್ತದೆ.

ಇದೇ ನೆತ್ತಿಗಳ ಆಚೆಗಿರುವ ಶೈನಿಂಗ್ ರಾಕ್ ಎಂಬ ಕಾಡುಭಾಗದಲ್ಲಿ ಮತ್ತು ಅರಣ್ಯದ ಇನ್ನೂ ಹಲವೆಡೆ, ಬೆನ್ನಿಗೆ ಚೀಲ ಹಾಕಿಕೊಂಡು ಹೋಗಿ ಶುಲ್ಕವಿಲ್ಲದೆ ಮಲಗುವ ಅವಕಾಶವೂ ಇದೆ. ಕ್ಯಾಂಪ್‌ಗ್ರೌಂಡಿನ ಬಳಿಯಿಂದಲೇ ಹೊರಡುವ ಮೂವತ್ತು ಮೈಲಿಯ ಆರ್ಟ್ ಲೋಬ್ ದಾರಿ ಅಲ್ಲಿಯ ತನಕ ಹೋಗುತ್ತದೆ. ಅಲ್ಲಿ ಶಿಬಿರದ ಬೆಂಕಿ ನಿಷಿದ್ಧ, ಆಹಾರವನ್ನು ಕರಡಿ ಒಡೆಯಲಾಗದ ಗಟ್ಟಿ ಡಬ್ಬಿಯಲ್ಲಿಯೇ ಒಯ್ಯಬೇಕು, ದಾರಿಗೆ ಬಣ್ಣದ ಗುರುತುಗಳಿಲ್ಲ, ನಕ್ಷೆ ಓದಲು ಬರಬೇಕು. ನನ್ನ ಸ್ನೇಹಿತರಲ್ಲಿ ಕೆಲವರು ಇದನ್ನೇ ನಿಜವಾದ ಕ್ಯಾಂಪಿಂಗ್ ಎನ್ನುತ್ತಾರೆ. ಒಂದು ಟಾರ್ಪಾಲನ್ನು ನೆಟ್ಟಗೆ ಹಾಸಲು ಬಾರದಿದ್ದ ನಾನು ಅಲ್ಲಿಗೆ ಹೋಗದಿದ್ದದ್ದೇ ಸರಿ.

ಉಣುಗಿನ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಇಂಬಳದ ಕಾಟ ನಮಗೆ ಒಂದು ಕಡೆಯೂ ಆಗಲಿಲ್ಲ, ಆದರೆ ಹುಲ್ಲಿನಲ್ಲಿ, ಪೊದೆಯಂಚಿನಲ್ಲಿ ಉಣುಗುಗಳಿವೆ, ಅವುಗಳಿಂದ ಕಾಯಿಲೆಗಳೂ ಹರಡುತ್ತವೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯ ಭಯ ಅರಿತ ಸೀಮೆಯಿಂದ ಬಂದ ಅಪ್ಪಯ್ಯನಿಗೆ ಇದನ್ನು ಯಾರೂ ಹೇಳಬೇಕಾಗಿರಲಿಲ್ಲ. ಪ್ರತಿ ಸಂಜೆ ಸ್ನಾನಕ್ಕೆ ಮೊದಲು ಮೊಮ್ಮಗಳ ಮೊಣಕಾಲಿನ ಹಿಂದೆ, ಕಿವಿಯ ಹಿಂದೆ, ಕೂದಲ ಬುಡದಲ್ಲಿ ಟಾರ್ಚು ಹಿಡಿದು ನೋಡುತ್ತಿದ್ದರು. ಎರಡು ಸಿಕ್ಕವು, ಎರಡೂ ಇನ್ನೂ ಕಚ್ಚಿರಲಿಲ್ಲ.

ಕೊರತೆಗಳನ್ನೂ ಹೇಳಬೇಕು. ತಂಗುತಾಣಗಳ ನಡುವೆ ಪೊದೆಯ ಮರೆ ಎಲ್ಲ ಕಡೆ ಒಂದೇ ಸಮ ಇಲ್ಲ. ವಾರಾಂತ್ಯದಲ್ಲಿ ಎಲ್ಲ ತಾಣಗಳೂ ತುಂಬಿದಾಗ ಏಕಾಂತವನ್ನು ಬಯಸಿ ಬಂದವರಿಗೆ ನಿರಾಸೆಯಾಗಬಹುದು. ನಮ್ಮ ಎದುರಿಗಿದ್ದ ಒಂದು ದೊಡ್ಡ ಗಾಡಿಯವರು ಸಂಜೆಯೆಲ್ಲ ಜನರೇಟರ್ ಓಡಿಸಿದರು, ಹತ್ತು ಗಂಟೆಗೆ ಸರಿಯಾಗಿ ನಿಲ್ಲಿಸಿದರು ಎಂಬುದನ್ನೂ ಹೇಳಬೇಕು. ಫೋನಿನ ಸಿಗ್ನಲ್ ಈ ಕಣಿವೆಯಲ್ಲಿ ಹೆಚ್ಚುಕಡಿಮೆ ಇಲ್ಲ, ಆದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ ಅಥವಾ ಎದುರಿನ ಕಚೇರಿಯಲ್ಲಿ ಕಾಗದದ ನಕ್ಷೆ ಕೊಳ್ಳಿ. ಬೇಸಿಗೆಯ ವಾರಾಂತ್ಯಗಳಿಗೆ ತಾಣಗಳನ್ನು ತಿಂಗಳುಗಟ್ಟಲೆ ಮುಂಚೆಯೇ ಜನ ಕಾದಿರಿಸಿಬಿಟ್ಟಿರುತ್ತಾರೆ; ಭಾನುವಾರ ಬಂದು ಬುಧವಾರ ಹೊರಡುವುದು ನಾವು ಕಂಡುಕೊಂಡ ಉಪಾಯ. ಎಲ್ಲಕ್ಕಿಂತ ಮುಖ್ಯವಾಗಿ, ನಾವು ಬಂದು ಹೋದ ಮೂರೂವರೆ ತಿಂಗಳಿಗೆ, 2024ರ ಸೆಪ್ಟೆಂಬರ್ 27ರಂದು, ಹೆಲೀನ್ ಚಂಡಮಾರುತ ಈ ಇಡೀ ಬೆಟ್ಟಸೀಮೆಯನ್ನು ಅಲ್ಲಾಡಿಸಿತು. ರಸ್ತೆ, ಸೇತುವೆ, ಕಾಲುದಾರಿಗಳು ಕೊಚ್ಚಿಹೋದವು, ಲೆಕ್ಕವಿಲ್ಲದಷ್ಟು ಮರಗಳು ಉರುಳಿದವು, ಬ್ಲೂ ರಿಜ್ ಪಾರ್ಕ್‌ವೇಯ ಉದ್ದುದ್ದ ಭಾಗಗಳನ್ನು ಮುಚ್ಚಬೇಕಾಯಿತು. ನಾನು ಹೇಳಿದ ದಾರಿಗಳಲ್ಲಿ ಯಾವುದು ತೆರೆದಿದೆ ಎಂಬುದನ್ನು ಹೊರಡುವ ವಾರದಲ್ಲಿಯೇ ಅರಣ್ಯ ಸೇವೆಯ ಪ್ರಕಟಣೆಗಳಲ್ಲಿ ನೋಡಿಕೊಂಡು ಹೋಗುವುದು ಅಗತ್ಯ.

ಅಪ್ಪಯ್ಯ-ಅಮ್ಮ ಮತ್ತೆ ಬರುವ ಸಿದ್ಧತೆಯಲ್ಲಿದ್ದಾರೆ. ಈ ಸಲದ ಪಟ್ಟಿಯನ್ನು ಅಮ್ಮ ಫೋನಿನಲ್ಲಿ ಹೇಳಿ ಬರೆಸಿದ್ದಾರೆ: ಮಡಿಚುವ ಮಂಚ ಒಂದು, ಚೊಂಬು ಎರಡು, ನಮ್ಮದೇ ಟೆಂಟು, ಅದಕ್ಕಿಂತ ಚಿಕ್ಕದಾದ ಟಾರ್ಪಾಲು. ಅಪ್ಪಯ್ಯ ಅಡುಗೆಮನೆಯ ಕಬ್ಬಿಣದ ಊದುಗೊಳವೆಯನ್ನೇ ತರುತ್ತೇನೆನ್ನುತ್ತಿದ್ದಾರೆ. ಅದನ್ನು ಸೂಟ್‌ಕೇಸಿಗೆ ಹಾಕುವುದೋ, ಕೈಚೀಲದಲ್ಲಿ ಒಯ್ದರೆ ವಿಮಾನ ನಿಲ್ದಾಣದಲ್ಲಿ ಬಿಡುತ್ತಾರೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.